ಕೆಂಪು ಟ್ಯೂಬಿನ ಚಪ್ಪಲಿ

"ಏ ಪಂಕ್ಚರ್, ನಿನ್ನ ಕೆರಕ್ಕೆ ನಮ್ಮನೆ ದಾರಿ ತೋರ್ಸಿದೋರು ಯಾರಲೇ?"

ಎಣ್ಣೆ ಮಿಲ್ಲಿನ ಸಾಹುಕಾರ ಚನ್ನವೀರಪ್ಪ ಇದನ್ನು ನನ್ನ ಪಂಕ್ಚರ್ ಅಂಗಡಿಗೆ ಬಂದು ಕೇಳಿದ್ದರೆ ಮಾತು ಬೇರೆ ಇತ್ತು. ಅವನು ಕೇಳಿದ್ದು ರುದ್ರಣ್ಣನ ಹೋಟೆಲ್ಲಿನ ಮುಂದೆ, ಬೆಳಗಿನ ಹೊತ್ತು, ಅರ್ಧ ಊರು ಲೋಟ ಹಿಡಿದು ನಿಂತಿದ್ದಾಗ. ಅವನ ಕೈಯಲ್ಲೊಂದು ಕೋಲು. ಕೋಲಿನ ತುದಿಯಲ್ಲಿ, ಸತ್ತ ಹಾವನ್ನು ಎತ್ತಿಕೊಂಡು ಬಂದ ಹಾಗೆ, ಒಂದು ಜೊತೆ ಟೈರ್ ಚಪ್ಪಲಿ. ಲಾರಿ ಟೈರಿನ ಅಟ್ಟೆ, ಸೈಕಲ್ಲಿನ ಕೆಂಪು ಟ್ಯೂಬಿನ ಪಟ್ಟಿ. ಅಂಥ ಚಪ್ಪಲಿ ಮಾಡುವವನು ಊರಲ್ಲಿ ನಾನೊಬ್ಬನೇ, ಹಾಕುವವನೂ ನಾನೊಬ್ಬನೇ ಅಂತ ಎಲ್ಲರ ನಂಬಿಕೆ.

"ವಾರದಿಂದ ನೋಡ್ತಿದೀನಿ, ದಿನಾ ಬೀದಿಗೆ ಎಸೀತೀನಿ. ಬೆಳಿಗ್ಗೆ ಬಾಗಿಲು ತೆಗೆದ್ರೆ ಸಾಕು, ನನ್ನ ಮಗಳ ಕಿಟಕಿ ಕೆಳಗೆ ನಿಂತಿರ್ತಾವೆ, ಅನ್ನ ಕೇಳಾಕೆ ಬಂದೋರ ಹಂಗೆ. ಇಲ್ಲಿ ನೋಡಿದ್ರೆ ನಿನ್ನ ಕಾಲಲ್ಲಿ ಇನ್ನೊಂದು ಜೊತೆ. ತಿರುಗಾಡಾಕೆ ಒಂದು, ಪ್ರೀತಿ ಮಾಡಾಕೆ ಒಂದು ಇಟ್ಕಂಡಿದೀಯೇನಲೇ? ಏಳನೇ ಕ್ಲಾಸು ದಾಟಾಕೆ ಆಗದೋನು ನನ್ನ ಕಾಂಪೌಂಡ್ ದಾಟ್ತೀಯಾ?"

ಲೋಟ ಹಿಡಿದವರೆಲ್ಲ ನಕ್ಕರು. ಚಹಾ ಚೆಲ್ಲದ ಹಾಗೆ ನಗುವುದು ನಮ್ಮೂರವರಿಗೆ ಚೆನ್ನಾಗಿ ಗೊತ್ತು.

ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಸಿಟ್ಟು ಬರಲಿಕ್ಕೆ ನನಗೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ಚಹಾ ತಣ್ಣಗಿದ್ದರೆ ಬರುತ್ತದೆ, ಬಿಸಿ ಇದ್ದರೂ ಬರುತ್ತದೆ. ಮೇಷ್ಟ್ರು ಹೊಡೆದರು ಅಂತಲ್ಲ, ಹೊಡೆದಾದ ಮೇಲೆ ನಕ್ಕರು ಅಂತ ಶಾಲೆ ಬಿಟ್ಟವನು ನಾನು. ಈ ತಿಪ್ಪೇಶಿಗೆ ಒಂದು ಮಾತು ಅಂದವರು ನಾಲ್ಕು ಮಾತು ಕೇಳಿಸಿಕೊಳ್ಳದೆ ಮನೆಗೆ ಹೋದದ್ದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಅದಕ್ಕೇ ಜನ ಇನ್ನಷ್ಟು ಹತ್ತಿರ ಬಂದರು. ರುದ್ರಣ್ಣನಂತೂ ಒಲೆಯ ಮೇಲಿದ್ದ ಹಾಲು ಇಳಿಸಿಯೇ ಬಂದ.

ನಾನು ಸ್ಪ್ಯಾನರ್ ಎತ್ತಿದೆ. ಅಷ್ಟರಲ್ಲಿ ಕೋಲಿನ ತುದಿಯಲ್ಲಿ ಚಪ್ಪಲಿ ಈ ಕಡೆ ತಿರುಗಿತು. ಬಲಗಾಲಿನ ಪಟ್ಟಿಗೆ ಹಳದಿ ಉಲ್ಲನ್ ದಾರ ಸುತ್ತಿತ್ತು, ಸಣ್ಣ ಪಾದದವರು ಪಟ್ಟಿ ಬಿಗಿಯಾಗಲಿ ಅಂತ ಸುತ್ತಿಕೊಳ್ಳುವ ಹಾಗೆ. ಆ ದಾರ ನನಗೆ ಗೊತ್ತು. ನಮ್ಮನೆ ಬಾಗಿಲಿನ ತೋರಣ ಹೆಣೆದು ಮಿಕ್ಕಿದ್ದು. ಆ ಪಾದವೂ ಗೊತ್ತು. ನನ್ನ ತಂಗಿ ಹೊನ್ನಿಯ ಚಪ್ಪಲಿ ಕಿತ್ತುಹೋದಾಗ ನನ್ನ ಹಳೇ ಜೊತೆಯನ್ನು ಅವಳಿಗೆ ಕೊಟ್ಟವನು ನಾನೇ.

ಸ್ಪ್ಯಾನರನ್ನು ಕಿಸೆಗೆ ಇಳಿಸಿದೆ.

"ನಂದೇ," ಅಂದೆ. "ಕೊಡ್ರಿ ಇಲ್ಲಿ."

ನಾನು ಅಲ್ಲ ಅನ್ನುತ್ತೇನೆ, ತಾನು ಹೌದು ಅನ್ನಬೇಕು ಅಂತ ಸಾಹುಕಾರ ಸಿದ್ಧವಾಗಿ ಬಂದಿದ್ದ. ಚಪ್ಪಲಿಯನ್ನು ನನ್ನ ಕಾಲ ಬುಡಕ್ಕೆ ಎಸೆದ. "ಇನ್ನೊಂದು ದಿನ ಕಂಡವೋ, ಮಗಳನ್ನ ಅವರತ್ತೆ ಊರಿಗೆ ಕಳಿಸಿಬಿಡ್ತೀನಿ. ಅಲ್ಲಿ ಚಪ್ಪಲಿ ಬಿಟ್ಟಲ್ಲೇ ಇರ್ತಾವೆ."

ಬಿಟ್ಟಲ್ಲೇ ಚಪ್ಪಲಿ ಇರುವ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೋ ಎಂದು ಯಾರೋ ಮರುಗಿದರು. ಸಾಹುಕಾರ ಹೋದಮೇಲೆ ರುದ್ರಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ತಿಪ್ಪೇಶಿ, ನಿನಗಿಂತ ನಿನ್ನ ಚಪ್ಪಲಿಗೇ ಧೈರ್ಯ ಜಾಸ್ತಿ ಬಿಡು," ಅಂದ.

ಅವನಿಗೇನು, ಅವನು ಹೇಳುತ್ತಾನೆ. ನಮ್ಮೂರಲ್ಲಿ ಕತ್ತಲಾದ ಮೇಲೆ ಚಪ್ಪಲಿ ತಾನೇ ಎದ್ದು, ಹಾಕುವವರ ಮನಸ್ಸು ಇರುವ ಕಡೆ ಹೋಗಿ ನಿಲ್ಲುತ್ತದೆ. ಬೆಳಗಾದರೆ ಅವನ ಹೋಟೆಲ್ಲಿನ ಮುಂದೆ ಚಪ್ಪಲಿಗಳ ಸಂತೆಯೇ ಇರುತ್ತದೆ. ತನ್ನ ಉಪ್ಪಿಟ್ಟಿನ ಮೇಲೆ ಊರಿಗೆ ಎಷ್ಟು ಪ್ರೀತಿ ಅಂತ ಅವನು ಉಬ್ಬುತ್ತಾನೆ. ಅವು ಬರುವುದು ಹಿಂದಿನ ಕೋಣೆಯ ಇಸ್ಪೀಟಿಗೆ. ತಹಶೀಲ್ದಾರರ ಬೂಟು ಎಷ್ಟು ಕಟ್ಟಿದರೂ ಬಿಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತದೆ, ಅವರಿಗೆ ತಮ್ಮ ಊರಿಗೆ ವರ್ಗ ಬೇಕು. ಗಂಡ ಸತ್ತ ಗೌರಜ್ಜಿಯ ಚಪ್ಪಲಿ ಮಶಾಣಕ್ಕೆ ಹೋಗುತ್ತದೆ, ಕಾವಲಿನವನು ಧೂಳು ಕೊಡವಿ ತಂದು ಕೊಡುತ್ತಾನೆ. ಮರ್ಯಾದೆಗೆ ಹೆದರುವವರು ಸಂಜೆಯೇ ಚಪ್ಪಲಿಯ ಮೇಲೆ ಬುಟ್ಟಿ ಕವಚಿ ಒರಳುಕಲ್ಲು ಹೇರುತ್ತಾರೆ. ಸಾಹುಕಾರರಂಥವರ ಮನೆಯಲ್ಲಿ ಕಬ್ಬಿಣದ ಬೀರು, ಅದಕ್ಕೆ ಬೀಗ. ನನ್ನವನ್ನು ನಾನು ಟ್ಯೂಬಿನಿಂದ ಕಂಬಕ್ಕೆ ಕಟ್ಟುತ್ತೇನೆ. ಶಾಲೆ ಬಿಟ್ಟ ವರ್ಷ ಅವು ದಿನಾ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಸಿಗುತ್ತಿದ್ದವು. ಆ ನಾಚಿಕೆ ನನಗೇ ಸಾಕು.

ಬಂದ ಚಪ್ಪಲಿ ಬಾಗಿಲಲ್ಲಿ ಅಡ್ಡಡ್ಡ ನಿಂತಿರುತ್ತದೆ, ಒಳಗೆ ಹೋಗಲೋ ಬೇಡವೋ ಅನ್ನುವ ಹಾಗೆ. ಯಾರ ಸಲುವಾಗಿ ಬಂದಿದೆಯೋ ಅವರೇ ಅದನ್ನು ಮುಟ್ಟಬೇಕು. ಬೀದಿಯ ಕಡೆ ಮುಖ ಮಾಡಿಟ್ಟರೆ, ತಗೊಂಡು ಹೋಗು ಅಂತ. ಹೊಸ್ತಿಲ ಕಡೆ ಮಾಡಿಟ್ಟರೆ, ಬಾ ಅಂತ. ಹೊಸ್ತಿಲ ಕಡೆ ತಿರುಗಿಸಿದ ಚಪ್ಪಲಿ ಆಮೇಲೆ ಇನ್ನೊಂದು ಮನೆಗೆ ಹೋದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಸಾಹುಕಾರ ಕೋಲಿನಿಂದ ಎತ್ತಿದ್ದು ಇದ್ದವರಿಗೆಲ್ಲ ಹಿಡಿಸಲಿಲ್ಲ. ಆದರೆ ಹಿಡಿಸದ್ದನ್ನು ಸಾಹುಕಾರನಿಗೆ ಹೇಳುವವರು ಯಾರು?

ಮನೆಗೆ ಬಂದೆ. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅವ್ವ ಎದುರಿನ ಮಂಡಕ್ಕಿ ಭಟ್ಟಿಯಿಂದ ಕೆಲಸ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತಿದ್ದಳು, ತಲೆಯೆಲ್ಲ ಹೊಟ್ಟು.

"ಸಾಹುಕಾರರ ಮನಿ ನೀಲಾಂಬಿಕೇನೇ ಬೇಕಾಗಿದ್ಲೇನೋ ನಿನಗೆ? ಹೋಗ್ಲಿ, ಆ ಹುಡುಗಿ ಕನ್ನಡಕ ಬೇರೆ ಹಾಕ್ತಾಳೆ. ನಮ್ಮನಿ ಹೊಗೇಲಿ ಅದಕ್ಕೆ ಕಣ್ಣು ಕಾಣ್ತಾವಾ?"

ಬಯ್ಯುತ್ತಿದ್ದಾಳೋ ಸೊಸೆಗೆ ಕಣ್ಣಿನ ಡಾಕ್ಟರನ್ನು ಹುಡುಕುತ್ತಿದ್ದಾಳೋ ತಿಳಿಯಲಿಲ್ಲ. ನಾನು ಹಿತ್ತಲಿಗೆ ಹೋದೆ. ಹೊನ್ನಿ ಪಾತ್ರೆ ತಿಕ್ಕುತ್ತಿದ್ದಳು. ಒಂದೇ ತಂಬಿಗೆಯನ್ನು ತಿಕ್ಕಿದ್ದೇ ತಿಕ್ಕಿದ್ದು.

"ಎಲ್ಲಿ ನಿನ್ನ ಚಪ್ಪಲಿ?"

"ಕಳೆದೋಗ್ಯಾವೆ."

ನಾನು ಕೈಯಲ್ಲಿದ್ದದ್ದನ್ನು ಅವಳ ಮುಂದಿಟ್ಟೆ. ಅವಳು ತಂಬಿಗೆಯ ಹೊಳಪು ನೋಡುತ್ತಾ ಕೂತಳು. ಹೊನ್ನಿ ಮತ್ತು ನೀಲಾ ಕಾಲೇಜಿನಲ್ಲಿ ಒಂದೇ ಬೆಂಚು, ಸೆಕೆಂಡ್ ಪಿಯುಸಿ. ಇಬ್ಬರೂ ಒಂದೇ ಕಪ್ಪೆ ಕೊಯ್ದವರು. ಅಷ್ಟು ನನಗೆ ಗೊತ್ತಿತ್ತು.

"ಅವರಣ್ಣ ಇದಾನಲ್ಲ, ಬುಲೆಟ್ ಮೇಲೆ ತಿರುಗೋನು, ಅವನ ಸಲುವಾಗಾ?" ಅಂತ ಕೇಳಿದೆ. ಹೌದು ಅಂದಿದ್ದರೆ ಅವನ ಬುಲೆಟ್ಟಿನ ಗತಿ ನೆಟ್ಟಗಿರುತ್ತಿರಲಿಲ್ಲ.

"ಅವನಾ?" ಹೊನ್ನಿಗೆ ಅಂಥಾ ಹೊತ್ತಲ್ಲೂ ನಗು ಬಂತು. "ಚಪ್ಪಲಿ ಯಾರ ಕಿಟಕಿ ಕೆಳಗೆ ನಿಂತಿದ್ವಂತೆ? ಅದನ್ನ ನೀನೂ ಕೇಳಿಸ್ಕಂಡಿಯಲ್ಲ ಅಣ್ಣ."

ನಾನು ಬಾವಿಕಟ್ಟೆಯ ಮೇಲೆ ಕೂತೆ. ಸಿಟ್ಟು ಬಂತು. ಯಾರ ಮೇಲೆ ಅಂತ ಹುಡುಕಿದೆ, ಸರಿಯಾದವರು ಯಾರೂ ಸಿಗಲಿಲ್ಲ. ಹುಡುಗಿಯ ಮನಸ್ಸು ಹುಡುಗಿಯ ಮೇಲೆ ಹೋದದ್ದು ಸಾಲದು ಅಂತ ಸಾಹುಕಾರನ ಮನೆಯೇ ಸಿಗಬೇಕಿತ್ತೇ ಅಂತ ಬಯ್ಯಬೇಕೆಂದುಕೊಂಡೆ. ಆದರೆ ಚಪ್ಪಲಿಯ ಹಿಮ್ಮಡಿಯ ಕಡೆ ಕಣ್ಣು ಹೋಯಿತು. ಲಾರಿ ಟೈರು ಅದು, ಹತ್ತು ವರ್ಷ ಸವೆಯುವುದಿಲ್ಲ ಅಂತ ಆಣೆ ಮಾಡಿ ಕೊಟ್ಟಿದ್ದೆ. ಒಂದು ಕಡೆ ಸವೆದಿತ್ತು.

"ಅವಳವು ಒಂದಿನಾನೂ ಬಂದಿಲ್ಲ," ಅಂದಳು ಹೊನ್ನಿ. ತಂಬಿಗೆಗೇ ಹೇಳಿದ ಹಾಗೆ ಹೇಳಿದಳು. "ನಮ್ಮವು ಮಾತ್ರ ಬೀದಿ ಬೀದಿ ಅಲೀತಾವೆ. ಅವರವು ಒಳಗೆ ಬೆಚ್ಚಗಿರ್ತಾವೆ. ಅವಳ ಮನಸ್ಸಲ್ಲಿ ಏನೈತೆ ಅಂತ ನಾನು ಹೆಂಗೆ ತಿಳ್ಕಬೇಕು?"

ಸಂಜೆ ಅವಳ ಚಪ್ಪಲಿಯನ್ನೂ ನನ್ನವುಗಳ ಜೊತೆ ಕಂಬಕ್ಕೆ ಕಟ್ಟಿದೆ, ಡಬಲ್ ಗಂಟು ಹಾಕಿ. ಅವಳು ನೋಡುತ್ತಾ ನಿಂತಿದ್ದಳು, ಬೇಡ ಅನ್ನಲಿಲ್ಲ. ಊಟ ಮಾತ್ರ ಬೇಡ ಅಂದಳು.

ಮರುದಿನ ನೀಲಾಂಬಿಕೆ ಸೈಕಲ್ ತಳ್ಳಿಕೊಂಡು ನಮ್ಮನೆ ಪಕ್ಕದ ನನ್ನ ಅಂಗಡಿಗೆ ಬಂದಳು. ಹಿಂದಿನ ಚಕ್ರ ಪಂಕ್ಚರ್. ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಆ ಹುಡುಗಿಯ ಸೈಕಲ್ ವಾರಕ್ಕೊಮ್ಮೆ ಪಂಕ್ಚರ್ ಆಗುತ್ತಿತ್ತು, ಯಾವಾಗಲೂ ಹಿಂದಿನ ಚಕ್ರವೇ, ಯಾವಾಗಲೂ ವಾಲ್ವಿನ ಪಕ್ಕದಲ್ಲೇ. ಮುಳ್ಳಲ್ಲ, ಗಾಜಲ್ಲ, ಒಂದು ನೆಟ್ಟಗಿನ ಸಣ್ಣ ತೂತು. ಊರ ಮುಂದೆಯೇ ಇನ್ನೊಂದು ಪಂಕ್ಚರ್ ಅಂಗಡಿ ಇದ್ದರೂ ನಮ್ಮ ಕೇರಿಯವರೆಗೆ ತಳ್ಳಿಕೊಂಡು ಬರುತ್ತಿದ್ದಳು. ಬಂದವಳು ನಮ್ಮನೆ ಕಟ್ಟೆಯ ಮೇಲೆ ಹೊನ್ನಿಯ ಪಕ್ಕ ಕೂತು, ಅಂಟು ಒಣಗಲಿ ನಿಧಾನಕ್ಕೆ ಮಾಡ್ರಿ ಅನ್ನುತ್ತಿದ್ದಳು. ನಾನು ಆ ದಿನಗಳಲ್ಲಿ ತಲೆ ಬಾಚಿಕೊಂಡಿರುತ್ತಿದ್ದೆ. ಎರಡು ಸಲ ಮೀಸೆಯನ್ನೂ ಕತ್ತರಿಸಿದ್ದುಂಟು. ಈಗ ಅದನ್ನೆಲ್ಲ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

"ಚಪ್ಪಲಿ ಇವತ್ತು ಯಾಕೆ ಬರಲಿಲ್ಲ?" ಅಂದಳು ಅವಳು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಕಟ್ಟಿ ಹಾಕಿದೀನಿ."

"ಯಾರನ್ನ ಕೇಳಿ?"

"ನಿಮ್ಮಪ್ಪನ ಕೋಲನ್ನ ಕೇಳಿ. ಊರ ಮುಂದೆ ಅವನು ನನ್ನ ಮಾನ ಕಳೆದಾಗ ನೀನು ಎಲ್ಲಿದ್ದೆ? ಕಿಟಕಿ ಪರದೆ ಹಿಂದಾ?"

ಅವಳ ಕನ್ನಡಕದ ಮೇಲೆ ಉಸಿರಿನ ಹಬೆ ಕಟ್ಟಿತು. ತೆಗೆದು ಒರೆಸಿಕೊಂಡಳು. "ಅಪ್ಪಗೆ ಯಾಕಷ್ಟು ಸಿಟ್ಟು ಬಂದೈತೆ ಗೊತ್ತಾ? ಅವು ಬಂದಿದ್ದಕ್ಕಲ್ಲ. ನಾನು ಬೇಗ ಎದ್ದು ದಿನಾ ಒಳಮುಖ ಮಾಡಿಡ್ತಿದ್ದೆ. ಅದನ್ನ ನೋಡಿಬಿಟ್ಟ. ಮಗಳು ಪಂಕ್ಚರ್ ತಿಪ್ಪೇಶಿಗೆ ಬಾ ಅಂದ್ಲು ಅಂತ ತಿಳ್ಕಂಡ. ನನ್ನ ತಲೆ ಕೆಟ್ಟಿದ್ರೂ ನಾನು ಹಂಗೆ ಅಂತೀನಾ?"

ಆ ಕೊನೆಯ ಮಾತು ಬೇಕಾಗಿರಲಿಲ್ಲ. ನಾನು ಚಕ್ರ ಬಿಚ್ಚುತ್ತಾ, "ಅಷ್ಟು ಪ್ರೀತಿ ಇದ್ದೋರ ಚಪ್ಪಲಿ ನಮ್ಮನಿ ಕಡೆ ಒಂದಿನಾನೂ ಸುಳಿದಿಲ್ಲ," ಅಂದೆ. "ಅಲ್ಲಿ ಒಬ್ಬಳು ತಂಬಿಗೆ ತಿಕ್ಕಿ ತಿಕ್ಕಿ ತೂತು ಮಾಡ್ತಿದಾಳೆ."

"ಬೀರಿನ ಬೀಗದ ಕೈ ಅಪ್ಪನ ಉಡಿದಾರದಾಗೈತೆ ಕಣ್ರೀ. ಕತ್ತಲಾದ್ರೆ ಸಾಕು ಒಳಗೆ ದಡಬಡ ದಡಬಡ. ನಮ್ಮಜ್ಜಿ ಇಲಿ ಅಂತಾಳೆ. ಅಪ್ಪ ಬೆಕ್ಕು ತಂದಿದಾನೆ. ಆ ಬೆಕ್ಕು ಬೀರು ಮುಂದೆ ಕೂತು ಕೂತು ಮನಸ್ಸಿಗೆ ಹಚ್ಚಿಕೊಂಡು ಸೊರಗಿಹೋಗೈತೆ."

ಟ್ಯೂಬನ್ನು ನೀರಲ್ಲಿ ಅದ್ದಿದೆ. ಗುಳ್ಳೆ ಎದ್ದವು, ವಾಲ್ವಿನ ಪಕ್ಕದಲ್ಲೇ. ನಾನು ಅವಳ ದುಪ್ಪಟ್ಟದ ಕಡೆ ನೋಡಿದೆ. ಅಲ್ಲೊಂದು ಪಿನ್ನು. ಅವಳು ಕೈಯಿಂದ ಮುಚ್ಚಿಕೊಂಡಳು. ಮುಖ ಕೆಂಪಗಾಯಿತು. ಸಾಹುಕಾರನ ಮಗಳು ಅಂತ ಇದ್ದ ಗತ್ತೆಲ್ಲ ಒಂದು ಪಿನ್ನಿನ ಹಿಂದೆ ಅಡಗಿ ಕೂತಿತು.

"ಅವಳಿಗೆ ಹೇಳ್ತೀರಾ?" ಅಂದಳು ಮೆಲ್ಲಗೆ.

"ನಾನ್ಯಾಕೆ ಹೇಳಲಿ? ನಾನೇನು ನಿಮ್ಮ ಪೋಸ್ಟ್‌ಮ್ಯಾನಾ? ನಮ್ಮೂರಲ್ಲಿ ಇಂಥಾದ್ದನ್ನ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?"

ಅವಳು ಪಿನ್ನಿನ ಮೇಲಿಂದ ಕೈ ತೆಗೆದಳು. ಆಮೇಲೆ, "ಹಂಗಾದ್ರೆ ಬರ್ತಾವೆ," ಅಂದಳು. "ಒಂದು ಸಲ ಆದ್ರೂ ಬರ್ತಾವೆ. ಅವಳು ಯಾವ ಕಡೆ ತಿರುಗಿಸ್ತಾಳೆ ಅಂತ ನನಗೆ ಗೊತ್ತಾದ್ರೆ ಸಾಕು. ಆಮೇಲೆ ಅತ್ತೆ ಊರಿಗೆ ಕಳಿಸ್ತಾರೋ, ಎಲ್ಲಿಗೆ ಕಳಿಸ್ತಾರೋ ಕಳಿಸಲಿ."

ಒಂದೆರಡು ದಿನ ಏನೂ ಆಗಲಿಲ್ಲ. ಮೂರನೇ ಬೆಳಿಗ್ಗೆ ಅವ್ವ ನೀರು ಚಿಮುಕಿಸಲಿಕ್ಕೆ ಬಾಗಿಲು ತೆಗೆದವಳು ಚೆಂಬು ಕೈಬಿಟ್ಟಳು. ಹೊಸ್ತಿಲ ಮುಂದೆ ಒಂದು ಜೊತೆ ಸ್ಯಾಂಡಲ್ಸು ಅಡ್ಡಡ್ಡ ನಿಂತಿದ್ದವು. ಬೆಳ್ಳಿ ಬಣ್ಣದ ಬಕಲು, ಮೆತ್ತಗಿನ ಚರ್ಮ. ಮೈತುಂಬ ಶೇಂಗಾ ಸಿಪ್ಪೆ ಅಂಟಿತ್ತು. ಹುಡುಗಿ ಕಾಲೇಜಿನಿಂದ ಬರುತ್ತಾ ಮಿಲ್ಲಿನ ಸಿಪ್ಪೆಯ ಗುಡ್ಡೆಯಲ್ಲಿ ಹುದುಗಿಸಿಟ್ಟು, ಕಿತ್ತುಹೋದವು ಅಂತ ಬರಿಗಾಲಲ್ಲಿ ಮನೆ ಸೇರಿದ್ದಳು. ಗುಡ್ಡೆ ಒಡೆದುಕೊಂಡು ಬಂದಿದ್ದವು.

ಹೊನ್ನಿ ಬಾಗಿಲ ಹಿಂದೆ ನಿಂತು ನೋಡಿದಳು. ಅವಳ ಮುಖ ಹೇಗಾಯಿತು ಅಂತ ಹೇಳಲಿಕ್ಕೆ ನನಗೆ ಬರುವುದಿಲ್ಲ. ಏಳನೇ ಕ್ಲಾಸಿನವರೆಗೆ ಅಂಥಾ ಮಾತು ಕಲಿಸಿರಲಿಲ್ಲ. ಅವಳು ಒಂದು ಕಾಲು ಹೊರಗಿಟ್ಟಳು. ಅಷ್ಟರಲ್ಲಿ ಭಟ್ಟಿಯ ಹೆಂಗಸರು ಬಂದರು, ಅವರ ಹಿಂದೆ ರುದ್ರಣ್ಣ, ಅವನ ಹಿಂದೆ ಲೋಟಗಳ ಸಮೇತ ಹೋಟೆಲ್ಲು. ಹೊನ್ನಿ ಕಾಲು ಒಳಗೆ ಎಳೆದುಕೊಂಡಳು.

"ಸಾಹುಕಾರರ ಮಗಳವೇ ಕಣ್ರೋ. ತಿಪ್ಪೇಶಿ ಅದೃಷ್ಟ ನೋಡ್ರಿ."

"ಯಾಕಪ್ಪಾ ಸಾಹುಕಾರರ ಅಳಿಯಾ, ಇನ್ನು ನಮ್ಮ ಸೈಕಲ್ಲೆಲ್ಲ ಯಾರು ನೋಡ್ತಾರೆ?"

ನಾನು ಅಂಗಳದಲ್ಲಿ ನಿಂತಿದ್ದೆ. ಸ್ಕೂಟರ್ ಸದ್ದು ಕೇಳಿತು. ಸಾಹುಕಾರ ಬಂದ. ಹಿಂದಿನ ಸೀಟಿನಲ್ಲಿ ನೀಲಾಂಬಿಕೆ, ಬರಿಗಾಲು. ಅವಳು ಯಾರನ್ನೂ ನೋಡಲಿಲ್ಲ, ನಮ್ಮ ಹೊಸ್ತಿಲನ್ನು ನೋಡಿದಳು. ಸ್ಯಾಂಡಲ್ಸು ಇನ್ನೂ ಅಡ್ಡಡ್ಡವೇ ಇದ್ದವು. ಅವಳ ಕೈ ದುಪ್ಪಟ್ಟದ ಪಿನ್ನು ಹಿಡಿದುಕೊಂಡಿತು.

"ನೋಡ್ರಪ್ಪ ಇವನ ಮನೇನ," ಅಂದ ಸಾಹುಕಾರ, ಬಂದವರನ್ನೆಲ್ಲ ಒಮ್ಮೆ ಕಣ್ಣಲ್ಲೇ ಸುತ್ತುಹಾಕಿ. "ನಮ್ಮ ಮನೆ ಬೀರು ಇದಕ್ಕಿಂತ ದೊಡ್ಡದೈತೆ. ಲೇ ಪಂಕ್ಚರ್, ಸ್ಪ್ಯಾನರ್ ಹಿಡಿಯೋ ಕೈಗೆ ನನ್ನ ಮಗಳ ಕೈ ಕೇಳ್ತೀಯಾ? ನಿನ್ನಂಥೋರನ್ನ ನಾನು ಮಿಲ್ಲಿನ ಗೇಟಿಗೂ ಇಟ್ಕಳಲ್ಲ. ಹಿಂಡಿ ಕದ್ದು ತಿಂತೀರಿ. ತಿರುಗ್ಸು ಅವನ್ನ. ಎಲ್ಲರ ಎದುರಿಗೆ ಬೀದಿ ಕಡೆ ತಿರುಗ್ಸು, ನಾನು ಮರೆತುಬಿಡ್ತೀನಿ. ಇಲ್ಲಾ, ನಿನಗೂ ಅವಳಿಗೂ ಏನು ಅಂತ ಬಾಯಿಬಿಟ್ಟು ಹೇಳು."

ಜನ ನನ್ನ ಬಾಯಿಯನ್ನೇ ನೋಡಿದರು. ನನ್ನ ಬಾಯಿ ತುಂಬ ಇತ್ತು. ಅವನ ಹಿಂಡಿ, ಅವನ ಮಿಲ್ಲು, ಬೀಗ ಹಾಕಿದ ಬೀರು, ಸೊರಗಿದ ಬೆಕ್ಕು, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತಿದ್ದವು. ಅಂಥ ಬಯ್ಗುಳ ನಾನು ಜನ್ಮದಲ್ಲಿ ಕಟ್ಟಿರಲಿಲ್ಲ. ಆದರೆ ಏನು ಹೇಳಲಿ? ನನಗೂ ಅವಳಿಗೂ ಏನೂ ಇಲ್ಲ ಅಂದರೆ ಅದು ನಿಜ. ಆಗ ಜನ ಒಂದು ಗಳಿಗೆ ಯೋಚಿಸಿ, ಹಾಗಾದರೆ ಈ ಮನೆಯಲ್ಲಿ ಇನ್ಯಾರಿದ್ದಾರೆ ಅಂತ ಬಾಗಿಲ ಕಡೆ ನೋಡುತ್ತಾರೆ. ಹೌದು ಅಂದರೆ ಸುಳ್ಳು. ಚಪ್ಪಲಿ ಮುಟ್ಟಿದರೆ, ಯಾವ ಕಡೆ ತಿರುಗಿಸಿದರೂ, ಹೊನ್ನಿ ಹೇಳಬೇಕಾದ ಉತ್ತರವನ್ನು ನಾನು ಕದ್ದ ಹಾಗೆ. ಬಾಗಿಲ ಸಂದಿಯಲ್ಲಿ ಅವಳ ಪಾದದ ಬೆರಳು ಕಾಣುತ್ತಿತ್ತು. ಈ ಅಂಗಳ ಒಂದು ನಿಮಿಷ ಖಾಲಿಯಾದರೆ ಅವಳಿಗೆ ಸಾಕಿತ್ತು.

ನಾನು ಸ್ಯಾಂಡಲ್ಸನ್ನು ಸುತ್ತುಹಾಕಿಕೊಂಡು ಅಂಗಳ ದಾಟಿದೆ. ಸಾಹುಕಾರನ ಪಕ್ಕದಿಂದಲೇ ಹೋದೆ. ಬೀದಿಗಿಳಿದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ತಿಪ್ಪೇಶಿ ಬಯ್ಸಿಕೊಂಡು ಸುಮ್ಮನೆ ಹೋಗುವುದನ್ನು ಊರು ಇದುವರೆಗೆ ಕಂಡಿರಲಿಲ್ಲ. ಚಪ್ಪಲಿ ನಡೆಯುವುದನ್ನು ದಿನಾ ಕಾಣುತ್ತಾರೆ, ಇದು ಹೊಸದು. "ಎಲ್ಲಿಗೆ ಹೊಂಟ ಇವನು?" ಅಂತ ಯಾರೋ ಅಂದರು. "ಕಲ್ಲು ತರಾಕೆ ಹೋಗ್ತಿದಾನೆ, ನೋಡ್ತಿರು," ಅಂತ ಇನ್ನೊಬ್ಬರು. ನನ್ನ ಹಿಂದೆ ಕಾಲಸಪ್ಪಳ ಶುರುವಾಯಿತು. ಒಂದು ಜೋಡಿ, ನಾಲ್ಕು ಜೋಡಿ, ಆಮೇಲೆ ಇಡೀ ಕೇರಿ.

"ಮುಟ್ಟಲೇ ಇಲ್ಲ ನೋಡ್ರಿ," ಅಂದ ರುದ್ರಣ್ಣ ಹಿಂದಿನಿಂದ. "ಬೇಡ ಅಂತ ಬಿಟ್ಟೇ ಹೋದ. ಸಾಹುಕಾರರ ಮಗಳನ್ನೇ ಬೇಡ ಅಂದ."

ಆ ಮಾತು ಸಾಹುಕಾರನಿಗೆ ಎಲ್ಲಿ ತಗುಲಬೇಕೋ ಅಲ್ಲಿ ತಗುಲಿತು. ಅವನ ಸ್ವರವೇ ಬೇರೆಯಾಯಿತು. "ಏಯ್, ನಿಲ್ಲಲೇ. ಬೇಡ ಅನ್ನಾಕೆ ನೀನ್ಯಾವೋನಲೇ?" ಅಂತ ಸ್ಕೂಟರ್ ಬಿಟ್ಟು, ಪಂಚೆ ಎತ್ತಿಕಟ್ಟಿ, ಮಗಳನ್ನು ಅಲ್ಲೇ ಮರೆತು ನನ್ನ ಹಿಂದೆ ಬಂದ.

ನಮ್ಮನೆಯ ತಗಡಿನ ಗೇಟಿನ ಕಿರುಗುಟ್ಟು ಊರಿಗೇ ಗೊತ್ತು. ಅದು ಮುಚ್ಚಿಕೊಂಡ ಸದ್ದು ಕೇಳಿತು. ಕೂಡಲೇ ಅವ್ವನ ಸ್ವರ, ಎಲ್ಲರಿಗಿಂತ ಗಟ್ಟಿಯಾಗಿ. "ನಡೀರಿ ನಡೀರಿ, ಎಲ್ಲಿಗೆ ಹೋಗ್ತಾನೋ ನೋಡೇಬಿಡೋಣ. ಯಾರೂ ಇಲ್ಲಿ ನಿಲ್ಲಬ್ಯಾಡ್ರಿ, ಎಲ್ಲ ನಡೀರಿ." ಅವ್ವನಿಗೆ ಎಂದಿನಿಂದ ಗೊತ್ತಿತ್ತೋ ಏನೋ. ತೋರಣದ ಉಲ್ಲನ್ ದಾರ ತಂದವಳೂ ಅವಳೇ ಅಲ್ಲವೇ?

ಹೊನ್ನಿ ಆ ಸ್ಯಾಂಡಲ್ಸನ್ನು ಯಾವ ಕಡೆ ತಿರುಗಿಸಿದಳೋ, ಹೊರಳಿ ನೋಡಬೇಕು ಅನ್ನಿಸಿತು. ಕತ್ತು ಅರ್ಧ ತಿರುಗಿತು ಕೂಡ. ನಾನು ನೋಡಿದರೆ ಅವರೂ ನೋಡುತ್ತಾರೆ. ಕತ್ತನ್ನು ನೆಟ್ಟಗೆ ಹಿಡಿದುಕೊಂಡು ಭಟ್ಟಿ ದಾಟಿದೆ, ಹೋಟೆಲ್ ದಾಟಿದೆ, ಶಾಲೆಯ ಗೇಟು ದಾಟಿದೆ. ಊರೆಲ್ಲ ನನ್ನ ಹಿಂದೆ ಮೆರವಣಿಗೆಯ ಹಾಗೆ ಬರುತ್ತಿತ್ತು. ಸಾಹುಕಾರ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಿದ್ದ. ಏದುಸಿರು ಬಿಡುತ್ತಿದ್ದ.

"ಹೇಳಿ ಹೋಗಲೇ," ಅಂದ. "ಓದಿಲ್ವಾ? ಬಣ್ಣ ಇಲ್ವಾ? ಕನ್ನಡಕ ಹಾಕಿದ್ರೆ ಏನಾಯ್ತು? ನನ್ನ ಮಗಳಿಗೆ ಏನಲೇ ಕಮ್ಮಿ ಆಗೈತೆ?"

ನಾನು ನಡೆಯುತ್ತಲೇ ಇದ್ದೆ.